ಗರಗರವಿಲ್ಲದ ಜಾಝ್

ಹೊಸ ಸಿ.ಡಿ.ಯ ಪ್ಲಾಸ್ಟಿಕ್ ಹೊದಿಕೆಯ ವಾಸನೆ ಬಂದರೆ ಈಗಲೂ ನನಗೆ ಡೊಂಬಿವಲಿಯ ಒಂದು ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಎಂಟು ವರ್ಷ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಮದುವೆಗೆ ಮುಂಚೆ ಅಪ್ಪ ಮುಂಬಯಿಯ ಹೋಟೆಲೊಂದರಲ್ಲಿ ವೇಟರ್ ಆಗಿದ್ದ. ಅಲ್ಲಿ ನುಡಿಸುತ್ತಿದ್ದ ಜಾಝ್ ತಂಡದ ಒಂದು ಕಛೇರಿ ರೆಕಾರ್ಡಾಗಿ ಬಂದಿತ್ತು. ಅದರಲ್ಲಿ ಸ್ಯಾಕ್ಸೋಫೋನ್ ನಿಂತ ಕೂಡಲೇ, ತಟ್ಟೆಗಳ ಸದ್ದಿನ ನಡುವೆ, "ವ್ಹಾ!" ಎಂದು ಒಬ್ಬರು ಕೂಗುವುದು ಕೇಳುತ್ತಿತ್ತು. ಅದು ಅಪ್ಪನ ದನಿ. ನಾವು ಡೊಂಬಿವಲಿಯ ಮನೆಗೆ ಹೋದಾಗಲೆಲ್ಲ ಜಾಝ್ ಹುಚ್ಚಿನ ದೊಡ್ಡಪ್ಪ ಆ ರೆಕಾರ್ಡನ್ನು ಅಮ್ಮನಿಗಾಗಿ ಹಾಕುತ್ತಿದ್ದರು.

ಅವತ್ತು ದೊಡ್ಡಪ್ಪ ಸಿ.ಡಿ. ಬಿಚ್ಚುತ್ತ, "ಅದನ್ನೇ ರಿಮಾಸ್ಟರ್ ಮಾಡಿದ್ದಾರೆ ಸುಮತಿ. ಗರಗರ ಒಂಚೂರೂ ಇಲ್ಲವಂತೆ. ಸವೆದ ಹಳೆಯದನ್ನು ಅಂಗಡಿಯವನಿಗೇ ಕೊಟ್ಟುಬಿಟ್ಟೆ" ಎಂದರು.

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಸ್ಪೀಕರಿನ ಹತ್ತಿರ ಕೂತಳು. ಸ್ಯಾಕ್ಸೋಫೋನ್ ನಿಂತಿತು. ತಟ್ಟೆಗಳ ಸದ್ದು ಕೇಳಲಿಲ್ಲ. ಮುಂದಿನ ಹಾಡು ಶುರುವಾಯಿತು.

"ಅಮ್ಮಾ, ಅಪ್ಪ ಬರಲೇ ಇಲ್ಲ" ಎಂದೆ ನಾನು.

ದೊಡ್ಡಪ್ಪ ರಿಮೋಟ್ ಒತ್ತಿ ಅದೇ ಜಾಗವನ್ನು ಮೂರು ಸಲ ಕೇಳಿದರು. "ಅಯ್ಯೋ ದೇವರೇ, ನನಗೆ ಹೊಳೆಯಲೇ ಇಲ್ಲವಲ್ಲ" ಎನ್ನುತ್ತ ಅಂಗಡಿಗೆ ಫೋನ್ ಮಾಡಿದರು. ಹಳೆಯ ರೆಕಾರ್ಡು ಆಗಲೇ ಮಾರಿಹೋಗಿತ್ತು. ಫೋನ್ ಇಟ್ಟ ಮೇಲೂ ಅವರು ಗೋಡೆಯ ಕಡೆಗೇ ಮುಖ ಮಾಡಿ ನಿಂತಿದ್ದರು.

ಅಮ್ಮ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ತುಂಬಾ ಚಂದ ಕೇಳ್ತದೆ ಭಾವ" ಎಂದಳು. "ಪೂರ್ತಿ ಹಾಕಿ."