ಖಾಯಂ ಜಾಗ

ಗಾಯಗೊಂಡವನ ಬದಲಿಗೆ ಒಂದೇ ಪಂದ್ಯಕ್ಕೆಂದು ಇಳಿಸಿದ ಮಗ ತಂಡವನ್ನೇ ಗೆಲ್ಲಿಸಿದ್ದ. ಆದರೂ ಮುಂದಿನ ಪಂದ್ಯಕ್ಕೆ ಮತ್ತೆ ಬೆಂಚೇ ಗತಿ. ಹೊಟ್ಟೆಕಿಚ್ಚಿನ ಮುದುಕ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತ ತಾಯಿ ಕೋಚ್ ಎದುರು ಹೋಗಿ ನಿಂತಳು.

"ಇಷ್ಟು ಚೆನ್ನಾಗಿ ಆಡೋನಿಗೆ ಖಾಯಂ ಜಾಗ ಯಾಕಿಲ್ಲ ಸಾರ್?"

"ಬೌನ್ಸರ್ ಬಂದ್ರೆ ಬಗ್ಗಲ್ಲಮ್ಮ, ಹೊಡೆಯೋಕೇ ಹೋಗ್ತಾನೆ. ಬಿಡೋದು ಕಲೀಲಿ."

"ಹೊಡೆದ್ರೆ ಸಿಕ್ಸರ್ ಹೋಗುತ್ತಲ್ಲ! ನಿಮ್ಮ ಸ್ವಂತ ಮಗನಾಗಿದ್ರೆ ಹೀಗೆ ಕೂರಿಸ್ತಿದ್ರಾ?"

ಕೋಚ್ ಕೈ ತಾನಾಗಿ ಕಿವಿಯ ಹಿಂದಕ್ಕೆ ಹೋಯಿತು.

"ಕೂರಿಸಿದ್ದೆ. ಅವರಮ್ಮ ನಿಮ್ಮ ಹಾಗೇ ಹಟ ಹಿಡಿದಳು. ಆಡಿಸಿದೆ."

"ನೋಡಿ ಮತ್ತೆ! ಅವರಿಗೆ ಎಷ್ಟು ಖುಷಿಯಾಗಿರಬೇಕು."

"ಗೊತ್ತಿಲ್ಲಮ್ಮ. ಒಂದೇ ಮನೇಲಿದ್ದೀವಿ. ಅವನನ್ನ ಮಣ್ಣು ಮಾಡಿ ಬಂದ ದಿನದಿಂದ ನನ್ನ ಹತ್ರ ಒಂದು ಮಾತೂ ಆಡಿಲ್ಲ."