ಬೇರಿನ ಪಥ್ಯ

ಹಾಸಿಗೆ ಕೊಡವುತ್ತಿದ್ದ ಶುಲಾನ್‌ಳ ಕಾಲ ಬಳಿಗೆ ದಿಂಬಿನಡಿಯಿಂದ ಮೂರು ಮೂಲಂಗಿ ತುದಿಗಳು ಉರುಳಿಬಿದ್ದವು.

"ಏನ್ರೀ ಇದು?"

ಗಂಡ ಯುನ್‌ತಿಂಗ್ ಗೋಡೆಯತ್ತ ಮುಖ ತಿರುಗಿಸಿದ. "ಇಲಿ ತಂದಿರ್ಬೇಕು."

"ಇಲಿ ಸೋಯಾ ಗೊಜ್ಜು ಹಚ್ಕೊಂಡು ತಿನ್ನುತ್ತಾ? ಮೊಮ್ಮಗಳನ್ನ ಎತ್ಕೊಳೋ ಆಸೆ ಇಲ್ವಾ ನಿಮಗೆ?"

ಶುಲಾನ್‌ಳ ತಮ್ಮನು ಬೆಟ್ಟದಿಂದ ಅಗೆದು ತಂದುಕೊಟ್ಟ ಜಿನ್ಸೆಂಗ್ ಬೇರನ್ನು ಅವಳು ಐದು ದಿನದಿಂದ ಕೋಳಿ ಸಾರಿನಲ್ಲಿ ಕುದಿಸಿ ಕುಡಿಸುತ್ತಿದ್ದಳು. ಚಳಿಗಾಲವಿಡೀ ನೆಗಡಿಯ ಮೇಲೆ ನೆಗಡಿ ಹಿಡಿದು ಕೆಮ್ಮಿ ಸೊರಗಿದವನ ಮೈಗೆ ರೋಗ ತಡೆಯುವ ಕಸುವು ಬರಲಿ ಎಂದು. ಭಾನುವಾರ ಮೊಮ್ಮಗಳಿಗೆ ತಿಂಗಳು ತುಂಬುವ ಔತಣ. ಕೆಮ್ಮುವ ಅಜ್ಜ ಮಗುವಿನ ಹತ್ತಿರ ಸುಳಿಯಕೂಡದೆಂದು ಸೊಸೆ ಖಡಾಖಂಡಿತ ಹೇಳಿದ್ದಳು. ಬೇರಿನ ಪಥ್ಯದಲ್ಲಿ ಮೂಲಂಗಿ ಮುಟ್ಟಿದರೆ ಅದರ ಸತ್ವವೆಲ್ಲ ಇಳಿದುಹೋಗುತ್ತದೆ ಎಂಬುದು ಅವರಿರುವ ಫೂಸೊಂಗ್ ಪೇಟೆಯ ಮಕ್ಕಳಿಗೂ ಗೊತ್ತು.

"ಹೊಟ್ಟೆ ತಮಟೆ ಹಾಗೆ ಉಬ್ಬಿತ್ತು ಕಣೇ," ಯುನ್‌ತಿಂಗ್ ಗೊಣಗಿದ. "ಮೂಲಂಗಿ ತಿಂದ್ಮೇಲೇ ಜೀವ ಬಂದಿದ್ದು."

ಶುಲಾನ್ ಶಾಲು ಹೊದ್ದು ನಾಟಿ ವೈದ್ಯ ತುಂಗ್‌ನ ಅಂಗಡಿಗೆ ಓಡಿದಳು. "ತುಂಗ್ ಅಣ್ಣಾ, ಬೇರಿನ ಸತ್ವ ಎಲ್ಲಾ ನೀರುಪಾಲಾಯ್ತು! ನಮ್ಮನೆಯವರು ಕದ್ದು ಮೂಲಂಗಿ ತಿಂದಿದಾರೆ."

"ಯಾವತ್ತಿಂದ?"

"ಎರಡನೇ ದಿನದಿಂದಂತೆ."

"ಕೆಮ್ಮು ನಿಂತಿದ್ದು ಯಾವತ್ತು?"

ಶುಲಾನ್ ಬೆರಳು ಮಡಿಸಿದಳು. "ಮೂರನೇ ದಿನ."

ತುಂಗ್ ಬೇರು ಹೆಚ್ಚುತ್ತಿದ್ದ ಕತ್ತಿಯನ್ನು ಕೆಳಗಿಟ್ಟ.

"ಹಾಗಾದ್ರೆ ಕೆಮ್ಮು ನಿಲ್ಲಿಸಿದ್ದು ಬೇರೋ, ಮೂಲಂಗಿಯೋ?" ಶುಲಾನ್ ಕೇಳಿದಳು.

"ನಲವತ್ತು ವರ್ಷದಿಂದ ಮೂಲಂಗಿ ಮುಟ್ಬೇಡಿ ಅಂತ ಹೇಳ್ತಾ ಬಂದಿದೀನಿ, ತಂಗಿ. ಮುಟ್ಟಿದವರು ಯಾರೂ ಬಂದು ಒಪ್ಕೊಂಡಿರ್ಲಿಲ್ಲ."

"ಭಾನುವಾರದವರೆಗೆ ಇನ್ನೆರಡು ದಿನ ಏನು ಕೊಡ್ಲಿ?"

"ಇಷ್ಟು ದಿನ ನಡೆದಿದ್ದೇ ನಡೀಲಿ."

"ಯಾವುದು? ನಾನು ಕೊಟ್ಟಿದ್ದೋ, ಅವರು ಕದ್ದು ತಿಂದಿದ್ದೋ?"

ತುಂಗ್ ಕನ್ನಡಕ ತೆಗೆದು ಒರೆಸತೊಡಗಿದ. ಅದು ಮೊದಲೇ ಸ್ವಚ್ಛವಾಗಿತ್ತು.

ಮನೆಗೆ ಬಂದವಳು ಒಲೆಯ ಮುಂದೆ ನಿಂತಳು. ಸಾರು ಕೊತಕೊತ ಕುದಿಯುತ್ತಿತ್ತು. ಒಂದು ಕೈಯಲ್ಲಿ ಬೇರು, ಇನ್ನೊಂದರಲ್ಲಿ ಮೂಲಂಗಿ. ಮೂಲಂಗಿ ಕೊಡದೆ ಕೆಮ್ಮು ಮರಳಿದರೆ? ಕೊಟ್ಟ ಮೇಲೂ ಮರಳಿದರೆ? ಒಳಗಿನಿಂದ ಈಗಲೇ ಒಂದು ಕೆಮ್ಮು ಕೇಳಿಸಿದ್ದರೆ ಏನು ಮಾಡಬೇಕೆಂದು ಹೊಳೆಯುತ್ತಿತ್ತೇನೋ. ಶುಲಾನ್ ಉಸಿರು ಬಿಗಿಹಿಡಿದು ಕಿವಿಗೊಟ್ಟಳು.

ಹಾಳಾದ ಮುದುಕ ಕೆಮ್ಮಲೇ ಇಲ್ಲ.