ಬೀಳಿಸಿದ ಕೈ

ಮಾರೆನ್ ಬ್ರೋಡಿಯನ್ನು ಸೊಂಟದ ಮೇಲೆತ್ತಿ ಚಾಪೆಗೆ ಬೀಳಿಸಿದಳು. ಬೀಳಿಸುವಾಗ ಎದುರಾಳಿಯ ಅಂಗಿಯ ತೋಳನ್ನು ಹಿಡಿದುಕೊಂಡಿರಬೇಕು, ಆಗ ಪೆಟ್ಟಾಗುವುದಿಲ್ಲ. ಅವಳು ಬಿಟ್ಟುಬಿಟ್ಟಳು. ಬ್ರೋಡಿ ಕಣ್ಣು ಮುಚ್ಚಿಕೊಂಡು ದೊಪ್ಪನೆ ಬೆನ್ನ ಮೇಲೆ ಬಿದ್ದ. ವಿನಿಪೆಗ್ ನಗರದ ಆ ನೆಲಮಾಳಿಗೆಯಲ್ಲಿ ಜೂಡೊ ಕಲಿಯುತ್ತಿದ್ದ ಮಕ್ಕಳೆಲ್ಲ ತಟ್ಟನೆ ತಿರುಗಿ ನೋಡಿದರು.

ಬ್ರೋಡಿ ಈ ತರಗತಿಗೆ ಸೇರಿ ಇನ್ನೂ ಮೂರು ವಾರ. ಚಳಿಗಾಲವಿಡೀ ಸ್ಕೂಲ್ ಬಸ್ಸಿನಲ್ಲಿ ಮಾರೆನ್‌ಳ ಟೋಪಿ ಕಿತ್ತು ಹಿಮಕ್ಕೆ ಎಸೆದವನು, ಅವಳ ನಡಿಗೆ ನೋಡಿ 'ಬಾತುಕೋಳಿ' ಎಂದು ಹೆಸರಿಟ್ಟವನು ಅವನೇ. ಇಂಥ ದಿನ ಒದಗುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಆದರೆ ಈಗ ಅವನು ಉಸಿರು ಸಿಗದೆ ಬಾಯಿ ತೆರೆದು ಮುಚ್ಚುತ್ತಿದ್ದ. ಕಣ್ಣಂಚಿನಲ್ಲಿ ನೀರು.

ಜೂಡೊ ಕಲಿಸುವ ಹಮಾಗುಚಿ ಅಜ್ಜಿ ಹುಡುಗನ ಪಕ್ಕ ಮಂಡಿಯೂರಿ, ಅವನ ಉಸಿರು ಮರಳುವವರೆಗೆ ಕಾದರು. ಆಮೇಲೆ ತಲೆಯೆತ್ತಿದರು.

"ಕೈ ಜಾರ್ತಾ ಮಾರೆನ್, ಇಲ್ಲಾ ನೀನೇ ಬಿಟ್ಯಾ?"

ಜಾರಿತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಬಿಟ್ಟೆ," ಎಂದಳು. "ಬೇಕಂತಲೇ."

ಅಜ್ಜಿ ಬೈಯಲಿಲ್ಲ. "ಬ್ರೋಡಿ, ನೋವಿದ್ಯಾ?"

"ಇಲ್ಲ."

"ಹಾಗಾದ್ರೆ ಏಳು. ಈಗ ಅವಳನ್ನ ನೀನು ಬೀಳ್ಸು."

"ಇವಳನ್ನಾ? ನಂಗೆ ಸರಿಯಾಗಿ ಬರೋದೇ ಇಲ್ವಲ್ಲ!"

"ಬಂದಷ್ಟು ಮಾಡು."

ಮಾರೆನ್ ತಾನಾಗಿ ತೋಳು ಮುಂದೆ ಚಾಚಿದಳು. ಬೀಳುವುದು ಹೇಗೆಂದು ಎರಡು ವರ್ಷದಿಂದ ಕಲಿಯುತ್ತಿದ್ದಳು. ತನ್ನ ಮೇಲೆ ಸಿಟ್ಟಿರುವವನ ಕೈಯಲ್ಲಿ ಬೀಳುವುದು ಇದೇ ಮೊದಲು.

ಬ್ರೋಡಿ ತಿರುಗಿದ, ಮುಗ್ಗರಿಸಿದ, ಹೇಗೋ ಎತ್ತಿದ. ಚಾವಣಿಯ ದೀಪಗಳು ಅವಳ ಕಣ್ಣೆದುರು ಗಿರ್ರನೆ ಸುತ್ತಿದವು. ಅವಳ ಅಂಗಿಯ ತೋಳನ್ನು ಅವನು ಎರಡೂ ಕೈಯಲ್ಲಿ ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ, ಅವಳ ಜೊತೆಗೆ ತಾನೂ ಮೂಟೆಯಂತೆ ಉರುಳಿಬಿದ್ದ. ಮಕ್ಕಳು ಹೋ ಎಂದು ನಕ್ಕರು.

"ನಾನೂ ಬೀಳ್ಬೇಕಿತ್ತಾ ಸೆನ್ಸೆ?" ಬ್ರೋಡಿ ಗುರುವಿನತ್ತ ನೋಡಿ ಕೇಳಿದ.

"ಇಲ್ಲಪ್ಪ. ಹಿಡ್ಕೊಂಡಿದ್ರೆ ಸಾಕಿತ್ತು," ಎಂದು ಅಜ್ಜಿಯೂ ನಕ್ಕರು.

"ಸಾರಿ ಕಣೋ," ಎಂದಳು ಮಾರೆನ್, ಮಲಗಿದಲ್ಲಿಂದಲೇ.

ಬ್ರೋಡಿ ಅವಳತ್ತ ತಿರುಗಿದ. ಎದ್ದ, ಸಡಿಲವಾಗಿದ್ದ ಬಿಳಿ ನಡುಪಟ್ಟಿಯನ್ನು ಬಿಗಿದುಕೊಂಡ, ಅವಳ ಮುಂದೆ ಬಂದು ನಿಂತು ತನ್ನ ತೋಳು ಚಾಚಿದ.

"ಇನ್ನೊಂದ್ಸಲ ನೀನೇ ಬೀಳ್ಸು. ಈ ಸಲ ನಾನು ಕಣ್ಣು ಮುಚ್ಚಲ್ಲ."